‘ನಾಳೆನೇ ಖಾಲಿ ಮಾಡಿ’ ಅಂದರೆ: ರೋಗ ಹರಡುವ ಕಾಲದಲ್ಲಿ ಬಾಡಿಗೆ ಮನೆ ಉಳಿಸಿಕೊಳ್ಳುವ ದಾರಿ

2020ರ ಮೇ ತಿಂಗಳು. ಬೆಂಗಳೂರಿನ ಲಗ್ಗೆರೆಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಬೆಳಿಗ್ಗೆ ಐದೂವರೆಗೆ ಹೆಂಡತಿ ನಲ್ಲಿ ತಿರುಗಿಸಿದಳು. ಸುಂಯ್ ಅಂತ ಗಾಳಿ ಬಂತು, ನೀರು ಬರಲಿಲ್ಲ. ಟೆರೇಸ್‌ಗೆ ಹೋಗಿ ನೋಡಿದೆ. ನಮ್ಮ ಟ್ಯಾಂಕ್‌ಗೆ ಹೋಗುವ ಪೈಪಿನ ವಾಲ್ವ್ ಮುಚ್ಚಿತ್ತು. ಮುಚ್ಚಿದ್ದಷ್ಟೇ ಅಲ್ಲ, ತಿರುಗಿಸುವ ಹಿಡಿಯನ್ನೇ ಬಿಚ್ಚಿ ತೆಗೆದುಕೊಂಡು ಹೋಗಿದ್ದರು. ಪಕ್ಕದ ಟ್ಯಾಂಕ್ ತುಂಬಿ ತುಳುಕುತ್ತಿತ್ತು.

ನನ್ನದು ಜೆರಾಕ್ಸ್ ಅಂಗಡಿ. ಬಾಡಿಗೆ ಕರಾರು ಟೈಪ್ ಮಾಡಿಕೊಡುವುದೇ ಅಲ್ಲಿ ಮುಖ್ಯ ಕೆಲಸ. ಲಾಕ್‌ಡೌನ್ ಶುರುವಾದ ದಿನದಿಂದ ಶಟರ್ ಎತ್ತಿರಲಿಲ್ಲ. ಏಪ್ರಿಲ್, ಮೇ ಎರಡು ತಿಂಗಳ ಬಾಡಿಗೆ ಬಾಕಿ. ಊರವರಿಗೆಲ್ಲ ಕರಾರು ಬರೆದುಕೊಟ್ಟವನಿಗೆ ನನ್ನ ಮನೆಗೇ ಈ ಸ್ಥಿತಿ ಬಂದಾಗ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಆಮೇಲೆ ವಕೀಲರನ್ನು ಕೇಳಿ, ಕೋರ್ಟ್ ಕಚೇರಿ ಅಲೆದು, ಅಂಗಡಿಗೆ ಬರುವವರ ಕಷ್ಟ ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದೆ ಇನ್ನೊಂದು ರೋಗ ಬಂದಾಗ ನಿಮಗೆ ಇದು ಮೊದಲೇ ಗೊತ್ತಿರಲಿ.

ಮೊದಲು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ

ಬಾಡಿಗೆ ಬಾಕಿ ಇರುವುದು ಒಂದು ವಿಷಯ. ಮನೆಯಿಂದ ಹೊರಗೆ ಹಾಕುವುದು ಬೇರೆ ವಿಷಯ. ಬಾಕಿ ಅನ್ನುವುದು ಸಾಲ, ಅದನ್ನು ತೀರಿಸಬೇಕು. ಆದರೆ ಮನೆ ಬಿಡಿಸುವ ಅಧಿಕಾರ ಓನರ್‌ಗೂ ಇಲ್ಲ, ಪೊಲೀಸರಿಗೂ ಇಲ್ಲ. ಅದು ಇರುವುದು ಕೋರ್ಟಿಗೆ ಮಾತ್ರ. ನೋಟಿಸ್ ಕೊಡಬೇಕು, ಅವಧಿ ಮುಗಿಯಬೇಕು, ಕೇಸ್ ಹಾಕಬೇಕು, ಆದೇಶ ಬರಬೇಕು. ಇಷ್ಟೂ ಆಗದೆ ಬೀಗ ಹಾಕುವುದು, ಸಾಮಾನು ಎಸೆಯುವುದು, ನೀರು ನಿಲ್ಲಿಸುವುದು ಯಾವುದಕ್ಕೂ ಕಾನೂನಿನ ಬೆಂಬಲ ಇಲ್ಲ.

ಇದು ಹೊಸ ಮಾತೂ ಅಲ್ಲ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣ ಬಾಡಿಗೆಯದ್ದಲ್ಲ, ಜಾಗದ್ದು. ಅಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಒಂದು ಜಾಗದಲ್ಲಿ ನೆಲೆಯಾಗಿ ಇರುವವರನ್ನು ನಿಜವಾದ ಮಾಲೀಕನೂ ಬಲವಂತವಾಗಿ ಎಬ್ಬಿಸುವಂತಿಲ್ಲ, ಕಾನೂನಿನ ದಾರಿಯಲ್ಲೇ ಬರಬೇಕು. ಬಾಡಿಗೆ ಕೊಟ್ಟುಕೊಂಡು ವರ್ಷಗಟ್ಟಲೆ ಇದ್ದವರಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ, ಅಲ್ವಾ?

ನಿಮ್ಮ ಮನೆಗೆ ಯಾವ ಕಾನೂನು?

ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇರುವ ವಾಸದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಈಗ ವಠಾರದ ಒಂದು ಕೋಣೆಗೂ ಅದಕ್ಕಿಂತ ಜಾಸ್ತಿ ಕೇಳುತ್ತಾರೆ. ಅಷ್ಟರೊಳಗಿನ ಹಳೇ ಮನೆ ನಿಮ್ಮದಾಗಿದ್ದರೆ ಒಳ್ಳೆಯ ರಕ್ಷಣೆ ಇದೆ. ಬಾಕಿ ಕಟ್ಟಿ ಅಂತ ನೋಟಿಸ್ ಬಂದ ಮೇಲೆ ಪೂರ್ತಿ ಕಟ್ಟಲು ಎರಡು ತಿಂಗಳು ಸಿಗುತ್ತದೆ.

ಉಳಿದವರಿಗೆ, ಅಂದರೆ ನಮ್ಮಂಥ ಹೆಚ್ಚಿನವರಿಗೆ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಮಾಡಿಕೊಂಡ ಕರಾರು. ಕರಾರಿನಲ್ಲಿ ಎಷ್ಟು ತಿಂಗಳ ನೋಟಿಸ್ ಅಂತ ಬರೆದಿದೆಯೋ ಅಷ್ಟು. ಏನೂ ಬರೆದಿಲ್ಲ ಅಂದರೆ ತಿಂಗಳ ಬಾಡಿಗೆಗೆ ಕನಿಷ್ಠ 15 ದಿನದ ಲಿಖಿತ ನೋಟಿಸ್. ನೋಟಿಸ್ ಅವಧಿ ಮುಗಿದ ಕೂಡಲೇ ಬೀದಿಗೆ ಬರಬೇಕು ಅಂತ ಅರ್ಥ ಅಲ್ಲ. ಆಮೇಲೆ ಓನರ್ ಕೋರ್ಟಿಗೆ ಹೋಗಬಹುದು ಅಂತ ಅಷ್ಟೇ.

“ನಿಮ್ಮ 11 ತಿಂಗಳು ಯಾವತ್ತೋ ಮುಗಿದಿದೆ, ನಿಮಗೆ ಹಕ್ಕೇ ಇಲ್ಲ” ಅನ್ನುವ ಮಾತು ನನ್ನ ಅಂಗಡಿಯಲ್ಲಿ ವಾರಕ್ಕೊಮ್ಮೆ ಕೇಳುತ್ತೇನೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸಲು 11 ತಿಂಗಳು ಅಂತ ಬರೆಸುತ್ತಾರೆ. ಅವಧಿ ಮುಗಿದ ಮೇಲೂ ನೀವು ಇದ್ದು, ಅವರು ಬಾಡಿಗೆ ತಗೊಂಡಿದ್ದರೆ, ಅದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ ಅಂತಲೇ ಲೆಕ್ಕ.

ಇವತ್ತು ರಾತ್ರಿ ಮಾಡಬೇಕಾದ ಕೆಲಸ

ಕಷ್ಟ ಬಂದ ಮೇಲೆ ಕಾಗದ ಹುಡುಕಿದರೆ ಸಿಗುವುದಿಲ್ಲ. ಇದನ್ನು ಓದಿ ಮುಗಿಸಿದ ಮೇಲೆ ಅರ್ಧ ಗಂಟೆ ಇಟ್ಟುಕೊಳ್ಳಿ. ಕರಾರಿನ ಪ್ರತಿ ಪುಟದ ಫೋಟೊ ತೆಗೆಯಿರಿ, ಸಹಿ ಇರುವ ಪುಟ ಮುಖ್ಯ. ಅಡ್ವಾನ್ಸ್ ಕೊಟ್ಟ ಪುರಾವೆ ಹುಡುಕಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಡುವುದು ರೂಢಿ, ಆದರೆ ಎಷ್ಟೋ ಜನ ಅದನ್ನು ಕ್ಯಾಶ್ ಕೊಟ್ಟು ರಸೀದಿ ಇಲ್ಲದೆ ಬಂದಿರುತ್ತಾರೆ. ಹಾಗಾಗಿದ್ದರೆ ಓನರ್‌ಗೆ ವಾಟ್ಸಾಪ್‌ನಲ್ಲಿ ಸಹಜವಾಗಿ ಒಂದು ಮೆಸೇಜ್ ಹಾಕಿ: “ಸಾರ್, ನಮ್ಮ ಅಡ್ವಾನ್ಸ್ 80,000 ನಿಮ್ಮ ಹತ್ತಿರ ಇದೆ ಅಲ್ವಾ, ಲೆಕ್ಕ ಬರೆದಿಟ್ಟುಕೊಳ್ಳುತ್ತಿದ್ದೇನೆ.” ‘ಹೌದು’ ಅಂತ ಒಂದು ಉತ್ತರ ಬಂದರೂ ಸಾಕು, ಅದು ದಾಖಲೆ.

ಬಾಡಿಗೆಯನ್ನು ಕ್ಯಾಶ್ ಕೊಡುವುದನ್ನು ನಿಲ್ಲಿಸಿ. ಯುಪಿಐ ಮಾಡಿ, ಯಾವ ತಿಂಗಳ ಬಾಡಿಗೆ ಅಂತ ಜೊತೆಗೆ ಬರೆಯಿರಿ. ಕರಾರೇ ಇಲ್ಲದವರು ಆ ಮನೆಯಲ್ಲಿ ವಾಸ ಇರುವುದಕ್ಕೆ ಪುರಾವೆ ಕೂಡಿಸಿಕೊಳ್ಳಿ: ನೀವೇ ಕಟ್ಟಿದ ಬೆಸ್ಕಾಂ ಬಿಲ್ಲು, ಗ್ಯಾಸ್ ಬುಕ್ಕು, ಮಗುವಿನ ಶಾಲೆಯ ದಾಖಲೆ, ಆ ವಿಳಾಸಕ್ಕೆ ಬಂದ ಕಾಗದ. 2023ರಲ್ಲಿ ಗೃಹಜ್ಯೋತಿಗೆ ಬಾಡಿಗೆಯವರೂ ತಮ್ಮ ಆಧಾರ್ ಕೊಟ್ಟು ಮನೆಯ ಮೀಟರಿಗೆ ಜೋಡಿಸಿದರಲ್ಲ, ಆ ಅರ್ಜಿಯ ಪ್ರತಿಯೂ ಒಳ್ಳೆಯ ಪುರಾವೆ. ಎಲ್ಲವನ್ನೂ ನಿಮ್ಮ ಇಮೇಲ್‌ಗೆ ನೀವೇ ಕಳಿಸಿಕೊಳ್ಳಿ. ಫೋನ್ ಮನೆಯೊಳಗೆ ಉಳಿದು ಹೊರಗಿನಿಂದ ಬೀಗ ಬಿದ್ದರೂ ಅವು ಕೈಗೆ ಸಿಗುತ್ತವೆ.

ಬಾಡಿಗೆ ತಪ್ಪುವ ಮೊದಲೇ ಮಾತಾಡಿ, ಮಾತಾಡಿದ್ದನ್ನು ಬರೆಯಿರಿ

ನಾನು ಮಾಡಿದ ತಪ್ಪು ಇದೇ. ಓನರ್ ಮೆಟ್ಟಿಲಲ್ಲಿ ಸಿಕ್ಕರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ. ಎರಡು ತಿಂಗಳು ಹಾಗೇ ಕಳೆದೆ. ಅವರಿಗೆ ನಾನು ಮೋಸ ಮಾಡುತ್ತಿದ್ದೇನೆ ಅನ್ನಿಸಿತು. ಆ ಬಡಾವಣೆಯ ಓನರ್‌ಗಳಲ್ಲಿ ಹೆಚ್ಚಿನವರು ದೊಡ್ಡ ಕುಳಗಳಲ್ಲ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಸಾಲ ಮಾಡಿ ಮೂರು ಮಹಡಿ ಎಬ್ಬಿಸಿ, ಬಾಡಿಗೆಯಿಂದ ಕಂತು ಕಟ್ಟುವವರು. ಅವರ ಹೆದರಿಕೆಯೂ ನಿಜವೇ. ಆದ್ದರಿಂದ ಸಂಬಳ ನಿಲ್ಲುವ ಸೂಚನೆ ಸಿಕ್ಕ ವಾರದಲ್ಲೇ ಹೋಗಿ ಮಾತಾಡಿ. ಪೂರ್ತಿ ಆಗದಿದ್ದರೂ ಏನಾದರೂ ಕೊಡಿ. ಸಾವಿರ ರೂಪಾಯಿ ಆದರೂ ಸರಿ. ಕೊಡುವ ಮನಸ್ಸಿದೆ ಅನ್ನುವುದಕ್ಕೆ ಅದು ಸಾಕ್ಷಿ, ನಾಳೆ ಕೋರ್ಟಿನಲ್ಲೂ.

ಮಾತಾಡಿ ಬಂದ ದಿನವೇ ಬರೆದು ಕಳಿಸಿ. ನಾನು ಕೊನೆಗೂ ಬರೆದ ಪತ್ರ ಹೀಗಿತ್ತು:

“ಮಾನ್ಯರೇ, ನಾನು ನಿಮ್ಮ ಮನೆಯ ಎರಡನೇ ಮಹಡಿಯಲ್ಲಿ 2017ರ ಜೂನ್‌ನಿಂದ ಬಾಡಿಗೆಗೆ ಇದ್ದೇನೆ. ತಿಂಗಳ ಬಾಡಿಗೆ 8,500. ನನ್ನ ಅಡ್ವಾನ್ಸ್ 80,000 ನಿಮ್ಮಲ್ಲಿದೆ. ಮಾರ್ಚ್‌ವರೆಗೆ ಪೂರ್ತಿ ಕಟ್ಟಿದ್ದೇನೆ. ಲಾಕ್‌ಡೌನ್‌ನಿಂದ ಅಂಗಡಿ ಮುಚ್ಚಿ ಏಪ್ರಿಲ್, ಮೇ ತಿಂಗಳ 17,000 ಬಾಕಿ ಉಳಿದಿದೆ. ಇವತ್ತು 4,000 ನಿಮ್ಮ ಖಾತೆಗೆ ಹಾಕಿದ್ದೇನೆ. ಉಳಿದ 13,000ವನ್ನು ಜುಲೈಯಿಂದ ತಿಂಗಳ ಬಾಡಿಗೆಯ ಜೊತೆ 2,600ರಂತೆ ಐದು ತಿಂಗಳಲ್ಲಿ ತೀರಿಸುತ್ತೇನೆ. ದಯವಿಟ್ಟು ನೀರಿನ ಸಂಪರ್ಕ ಕೂಡಲೇ ಕೊಡಿ. ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ.”

ಇದರಲ್ಲಿ ಜಗಳ ಇಲ್ಲ, ಲೆಕ್ಕ ಇದೆ. ಬಾಕಿಯನ್ನು ಒಪ್ಪಿಕೊಂಡಿದ್ದೇನೆ, ತೀರಿಸುವ ದಿನ ಹೇಳಿದ್ದೇನೆ, ನೀರು ನಿಲ್ಲಿಸಿದ್ದನ್ನೂ ಬರೆದಿದ್ದೇನೆ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ, ಸ್ಪೀಡ್ ಪೋಸ್ಟ್ ಕೂಡ ಮಾಡಿ. ರಸೀದಿ ಎಸೆಯಬೇಡಿ.

ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅಂತ ಕೇಳಬಹುದು. ಆದರೆ ಕರಾರಿನಲ್ಲಿ ಹಾಗೆ ಬರೆದಿಲ್ಲದಿದ್ದರೆ ಒಬ್ಬರೇ ತೀರ್ಮಾನ ಮಾಡಿ ಬಾಡಿಗೆ ನಿಲ್ಲಿಸಬೇಡಿ. ಅವರು ಒಪ್ಪಿದರೆ ಎಷ್ಟು ತಿಂಗಳಿಗೆ, ಎಷ್ಟು ಮುರಿದದ್ದು, ಮತ್ತೆ ತುಂಬಿಸಿಕೊಡಬೇಕೋ ಇಲ್ಲವೋ, ಈ ಮೂರನ್ನೂ ಬರೆಸಿಕೊಳ್ಳಿ. ಇನ್ನು ಬಾಡಿಗೆ ಕೊಡಲು ಹೋದರೆ ತಗೊಳ್ಳದೆ, ಆಮೇಲೆ ‘ಬಾಕಿ’ ಅಂತ ಕೇಸ್ ಹಾಕುವವರೂ ಇದ್ದಾರೆ. ಅವರ ಖಾತೆಗೆ ನೇರವಾಗಿ ಹಾಕಿ. ಅದೂ ಆಗದಿದ್ದರೆ, ಇಂಥ ದಿನ ಇಷ್ಟು ಹಣ ಕೊಡಲು ಬಂದೆ, ನೀವು ತಗೊಳ್ಳಲಿಲ್ಲ ಅಂತ ಬರೆದು ಕಳಿಸಿ.

ಸರ್ಕಾರದ ಆದೇಶ ಬಂದರೆ ಪೂರ್ತಿ ಓದಿ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಪೇಟೆ ಬಿಟ್ಟು ಬಯಲಿಗೆ ಓಡಿದರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಪ್ಲೇಗಿನ ನಂತರ. ಆ ಕಾಲದ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ಹೊರಗೆ ತೆಗೆದರು. ಅದರಲ್ಲಿ ಬಾಡಿಗೆದಾರರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಹಾಗಾಗಿ ರಕ್ಷಣೆ ಬಂದದ್ದು ಬೇರೆ ಕಡೆಯಿಂದ.

2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಒಂದು ಆದೇಶ ಹೊರಡಿಸಿತು. ವಲಸೆ ಕಾರ್ಮಿಕರು ಸೇರಿದಂತೆ ಬಾಡಿಗೆ ಮನೆಯಲ್ಲಿರುವ ಕೂಲಿ ಕೆಲಸದವರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು. ಕಾರ್ಮಿಕರನ್ನು, ವಿದ್ಯಾರ್ಥಿಗಳನ್ನು ಮನೆ ಖಾಲಿ ಮಾಡಿ ಅಂತ ಒತ್ತಾಯಿಸಿದರೆ ಕ್ರಮ. ಬಾಡಿಗೆಯ ಬಗ್ಗೆ ಅದರಲ್ಲಿದ್ದದ್ದು ಇಷ್ಟೇ. ಟಿವಿಯಲ್ಲಿ ನೋಡಿದ ಎಷ್ಟೋ ಜನ ‘ಬಾಡಿಗೆ ಮನ್ನಾ ಆಯ್ತು’ ಅಂದುಕೊಂಡರು. ಮನ್ನಾ ಆಗಿರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಒಂದು ಅಂಗಡಿಯ ಪ್ರಕರಣದಲ್ಲಿ, ಕರಾರಿನಲ್ಲಿ ಅವಕಾಶ ಇಲ್ಲದಿದ್ದರೆ ಲಾಕ್‌ಡೌನ್ ಕಾರಣ ಹೇಳಿ ಬಾಡಿಗೆ ನಿಲ್ಲಿಸುವಂತಿಲ್ಲ ಅಂತ ಹೇಳಿತು.

ನಮ್ಮ ಹೈಕೋರ್ಟ್ ಒಂದು ದೊಡ್ಡ ಉಪಕಾರ ಮಾಡಿತು. 2020ರ ಏಪ್ರಿಲ್‌ನಲ್ಲಿ, ಕೋರ್ಟ್‌ಗಳು ಆಗಲೇ ಕೊಟ್ಟಿದ್ದ ಮನೆ ಬಿಡಿಸುವ, ತೆರವು ಮಾಡುವ ಆದೇಶಗಳನ್ನೂ ಕೆಲಕಾಲ ತಡೆಹಿಡಿಯಿತು. ಕೇಸ್ ಸೋತವರಿಗೂ ಲಾಕ್‌ಡೌನ್‌ನಲ್ಲಿ ತಲೆಮೇಲೆ ಸೂರು ಉಳಿಯಿತು.

ಹಾಗಾಗಿ ಮುಂದೆ ಇಂಥ ಆದೇಶ ಬಂದಾಗ ನಾಲ್ಕು ಸಂಗತಿ ನೋಡಿ: ಯಾರಿಗೆ ಅನ್ವಯ, ಯಾವ ದಿನದಿಂದ ಯಾವ ದಿನದವರೆಗೆ, ಬಾಡಿಗೆ ಮುಂದೂಡಿದ್ದಾರೋ ಬಿಟ್ಟಿದ್ದಾರೋ, ಉಲ್ಲಂಘಿಸಿದರೆ ಯಾವ ಅಧಿಕಾರಿಗೆ ದೂರು. ಪ್ರಿಂಟ್ ತೆಗೆಸಿ ಗೆರೆ ಎಳೆದಿಟ್ಟುಕೊಳ್ಳಿ. ಠಾಣೆಯಲ್ಲಿ ‘ಸರ್ಕಾರ ಹೇಳಿದೆ’ ಅನ್ನುವುದಕ್ಕಿಂತ ಆದೇಶದ ಪುಟ ಮುಂದಿಡುವುದು ಎಷ್ಟೋ ವಾಸಿ. 2021ರ ಮಾದರಿ ಬಾಡಿಗೆ ಕಾಯ್ದೆಯನ್ನು ತೋರಿಸಿ ‘ಎರಡೇ ತಿಂಗಳ ಅಡ್ವಾನ್ಸ್’ ಅಂತ ವಾದ ಮಾಡುವವರಿಗೆ ಒಂದು ಮಾತು. ಅದು ಕೇಂದ್ರ ಕೊಟ್ಟ ಮಾದರಿ ಮಾತ್ರ. ರಾಜ್ಯ ತನ್ನ ಕಾನೂನು ಮಾಡಿಕೊಂಡರಷ್ಟೇ ಅದಕ್ಕೆ ಬಲ.

ನೀರು, ಕರೆಂಟ್ ನಿಲ್ಲಿಸಿದರೆ, ಬೀಗ ಹಾಕಿದರೆ

ಮೊದಲು ವಿಡಿಯೊ. ಒಣಗಿದ ನಲ್ಲಿ, ಹಿಡಿ ಇಲ್ಲದ ವಾಲ್ವ್, ಬಾಗಿಲ ಮೇಲಿನ ಹೊಸ ಬೀಗ, ಮೆಟ್ಟಿಲಲ್ಲಿ ಬಿದ್ದ ಸಾಮಾನು, ಎಲ್ಲ ಕಾಣಬೇಕು. ಬಾಯಲ್ಲಿ ದಿನಾಂಕ, ಸಮಯ ಹೇಳಿ. ಅಕ್ಕಪಕ್ಕದವರಲ್ಲಿ ಒಬ್ಬರು ನೋಡಿರಲಿ. ನೀವು ಬೀಗ ಒಡೆಯಲು ಹೋಗಬೇಡಿ, ಬೈಗುಳ ಬೇಡ.

ಆಮೇಲೆ 112. ಪೊಲೀಸರಿಗೆ ಹೇಳುವ ಮಾತಿನಲ್ಲಿ ಎಚ್ಚರ ಇರಲಿ. “ಬಾಡಿಗೆ ಗಲಾಟೆ ಸಾರ್” ಅಂದರೆ “ಅದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ” ಅಂತ ಫೋನ್ ಇಡುತ್ತಾರೆ. “ನಾನು ವಾಸ ಇರುವ ಮನೆಗೆ ಬೀಗ ಹಾಕಿದ್ದಾರೆ, ಒಳಗೆ ಹೋಗಲು ಬಿಡುತ್ತಿಲ್ಲ, ಹೊಡೆಯುತ್ತೇವೆ ಅಂತ ಬೆದರಿಸುತ್ತಿದ್ದಾರೆ, ಒಳಗೆ ಅಮ್ಮನ ಬಿಪಿ ಮಾತ್ರೆ ಇದೆ” ಅಂತ ಆಗಿದ್ದನ್ನು ಆದಂತೆ ಹೇಳಿ. ಅಡ್ಡಗಟ್ಟುವುದು, ಅಕ್ರಮವಾಗಿ ಒಳಗೆ ನುಗ್ಗುವುದು, ಸಾಮಾನು ಹಾಳು ಮಾಡುವುದು, ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧಗಳೇ. ಬರೆದ ದೂರನ್ನು ಎರಡು ಪ್ರತಿ ಮಾಡಿ ಠಾಣೆಗೆ ಕೊಡಿ. ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಎಫ್‌ಐಆರ್ ಮಾಡದಿದ್ದರೂ ಸ್ವೀಕೃತಿ ಪತ್ರ ಕೇಳಿ ತಗೊಳ್ಳಿ. ಕರೆಂಟ್ ಹೋಗಿದ್ದರೆ ಬೆಸ್ಕಾಂನ 1912ಕ್ಕೂ ದೂರು ದಾಖಲಿಸಿ. ಲೈನ್ ಸರಿಯಿದೆ, ಒಳಗಿನಿಂದ ತೆಗೆದಿದ್ದಾರೆ ಅಂತ ಅವರ ಸಿಬ್ಬಂದಿ ಹೇಳಿದರೆ ಅದೂ ಒಂದು ಸಾಕ್ಷಿ.

ನಾನು ಅವತ್ತು ಠಾಣೆಗೆ ಹೋಗಲಿಲ್ಲ. ಪತ್ರ, ನಾಲ್ಕು ಸಾವಿರ ಮತ್ತು ವಾಲ್ವಿನ ಫೋಟೊ ಕಳಿಸಿದೆ. ಎರಡು ದಿನ ಪಕ್ಕದ ಮನೆ ಅಜ್ಜಿ ಬಕೆಟ್‌ನಲ್ಲಿ ನೀರು ಕೊಟ್ಟರು. ಮೂರನೇ ದಿನ ಓನರ್ ಮಗ ಮೇಲೆ ಬಂದು ಹಿಡಿ ಕೂರಿಸಿ ತಿರುಗಿಸಿ ಹೋದ. ಮಾತಾಡಲಿಲ್ಲ. ಎಲ್ಲರಿಗೂ ಹೀಗೆ ಸುಲಭವಾಗಿ ಮುಗಿಯುವುದಿಲ್ಲ ಅಂತ ಗೊತ್ತು. ಮಾತಿನಲ್ಲಿ ಬಗೆಹರಿಯದಿದ್ದರೆ ಕೋರ್ಟಿಗೆ ಹೋಗಿ. ಬಲವಂತವಾಗಿ ಎಬ್ಬಿಸಬಾರದು ಅಂತ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ಆಗಲೇ ಹೊರಗೆ ಹಾಕಿದ್ದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ದಾವೆ ಹಾಕಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು. ಮನೆ ಯಾರ ಹೆಸರಿನಲ್ಲಿದೆ ಅನ್ನುವ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆರು ತಿಂಗಳು ದಾಟಿದರೆ ಈ ದಾರಿ ಮುಚ್ಚುತ್ತದೆ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100. ಬೆಂಗಳೂರು ನಗರ ಜಿಲ್ಲಾ ಪ್ರಾಧಿಕಾರದ ಕಚೇರಿ ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿದೆ, ರಾಜ್ಯ ಪ್ರಾಧಿಕಾರ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ದೊಡ್ಡ ವಿಪತ್ತಿಗೆ ಸಿಕ್ಕಿ ಕಷ್ಟಕ್ಕೆ ಬಿದ್ದವರನ್ನೂ ಕಾನೂನು ಸೇವೆಗಳ ಕಾಯ್ದೆ ಹೆಸರಿಸಿದೆ. ಪೀಣ್ಯ, ಬೊಮ್ಮನಹಳ್ಳಿ ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ದಯವಿಟ್ಟು ಹೇಳಿ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸಿ ಅಂತ ಅಲ್ಲಿ ಅರ್ಜಿಯನ್ನೂ ಕೊಡಬಹುದು.

ಮನೆಯಲ್ಲಿ ಕಾಯಿಲೆ ಇದೆ ಅಂತ ಎಬ್ಬಿಸಿದರೆ

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆದದ್ದು ಇದರಲ್ಲಿ. ನಮ್ಮ ಬೀದಿಯಲ್ಲೇ ಒಬ್ಬ ಸ್ಟಾಫ್ ನರ್ಸ್ ಇದ್ದಳು. ನೈಟ್ ಡ್ಯೂಟಿ ಮುಗಿಸಿ ಬಂದವಳಿಗೆ ಗೇಟ್ ತೆಗೆಯಲಿಲ್ಲ. ಯೂನಿಫಾರ್ಮ್ ಇದ್ದ ಚೀಲ ಎದೆಗೆ ಅವುಚಿಕೊಂಡು ಒಂದು ಗಂಟೆ ಫುಟ್‌ಪಾತ್ ಮೇಲೆ ಕೂತಿದ್ದಳು.

ಆಸ್ಪತ್ರೆ ಕೆಲಸದವರಿಗೆ 2020ರ ಏಪ್ರಿಲ್ 22ರ ಸುಗ್ರೀವಾಜ್ಞೆಯಿಂದ ರಕ್ಷಣೆ ಬಂತು, ಅದೇ ವರ್ಷ ಸಂಸತ್ತಿನಲ್ಲಿ ಅದು ಸಾಂಕ್ರಾಮಿಕ ರೋಗಗಳ (ತಿದ್ದುಪಡಿ) ಕಾಯ್ದೆಯೂ ಆಯಿತು. ಸಾಂಕ್ರಾಮಿಕದ ಸಮಯದಲ್ಲಿ ಅವರ ವಾಸಕ್ಕೆ, ಕೆಲಸಕ್ಕೆ ತೊಂದರೆ ಆಗುವಂಥ ಕಿರುಕುಳವೂ ಅಲ್ಲಿ ಹಿಂಸೆಯೇ. ಮೂರು ತಿಂಗಳಿಂದ ಐದು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ದೂರಿನಲ್ಲಿ ಈ ಕಾಯ್ದೆಯ ಹೆಸರು ಬರೆಯಬೇಕು.

ಉಳಿದವರಿಗೆ ಕಾಯಿಲೆ ಬಂದರೆ? ವೈದ್ಯರು ಮನೆಯಲ್ಲೇ ಇರಿ ಅಂತ ಬರೆದುಕೊಟ್ಟ ಚೀಟಿ ಇಟ್ಟುಕೊಳ್ಳಿ. ಪ್ರತ್ಯೇಕ ಇರಬೇಕಾದವರನ್ನು ಬೀದಿಗೆ ತಳ್ಳಿದರೆ ರೋಗವೂ ಬೀದಿಗೆ ಬರುತ್ತದೆ, ಇದನ್ನು ಓನರ್‌ಗೆ ಪಾಲಿಕೆಯ ಆರೋಗ್ಯ ಸಿಬ್ಬಂದಿಯಿಂದಲೇ ಹೇಳಿಸಿ. ಅವರ ಮಾತಿಗೆ ತೂಕ ಜಾಸ್ತಿ. ಬಾಗಿಲಿಗೆ ಪೋಸ್ಟರ್ ಅಂಟಿಸುವ ವಿಷಯದಲ್ಲೂ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದ್ದಿದೆ: ವಿಪತ್ತು ಕಾಯ್ದೆಯಡಿ ಸಂಬಂಧಪಟ್ಟ ಅಧಿಕಾರಿ ನಿರ್ದೇಶನ ಕೊಡದೆ ಕೋವಿಡ್ ರೋಗಿಗಳ ಮನೆ ಮುಂದೆ ಪೋಸ್ಟರ್ ಹಾಕುವಂತಿಲ್ಲ.

ಪಿಜಿಯಲ್ಲಿ ಇರುವವರ ಹಕ್ಕು ಬಾಡಿಗೆದಾರರಷ್ಟು ಗಟ್ಟಿ ಅಲ್ಲ. ಆದರೂ ರಾತ್ರೋರಾತ್ರಿ ಚೀಲ ಹೊರಗೆ ಎಸೆಯುವಂತಿಲ್ಲ. ಒಬ್ಬೊಬ್ಬರೇ ಹೋಗದೆ ಆ ಪಿಜಿಯ ಹತ್ತು ಜನ ಸೇರಿ ಒಂದೇ ಪತ್ರ ಕೊಡಿ.

ವಕೀಲರ ನೋಟಿಸ್, ಕೋರ್ಟ್ ಸಮನ್ಸ್

ತಗೊಳ್ಳದೆ ವಾಪಸ್ ಕಳಿಸಬೇಡಿ. ತಪ್ಪಿಸಿಕೊಂಡರೆ ನೀವಿಲ್ಲದೆಯೇ ಕೇಸ್ ನಡೆದು ಆದೇಶ ಆಗುತ್ತದೆ. ನೋಟಿಸ್‌ಗೆ ಅದರಲ್ಲಿ ಹೇಳಿದ ದಿನದೊಳಗೆ ಉತ್ತರ ಕೊಡಿ, ಸಮನ್ಸ್ ಬಂದ ದಿನವೇ 15100ಕ್ಕೆ ಫೋನ್ ಮಾಡಿ. ಬಾಡಿಗೆ ಕಟ್ಟದ ಒಂದೇ ಕಾರಣಕ್ಕೆ ಕರಾರು ರದ್ದು ಮಾಡಿ ಕೇಸ್ ಹಾಕಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 114ನೇ ಕಲಂ ನೆನಪಿರಲಿ. ವಿಚಾರಣೆಯ ವೇಳೆ ಬಾಕಿ, ಬಡ್ಡಿ, ಖರ್ಚು ಕಟ್ಟಿದರೆ ಮನೆಯಲ್ಲಿ ಮುಂದುವರಿಯಲು ಬಿಡುವ ಅಧಿಕಾರ ಕೋರ್ಟಿಗಿದೆ. ಖಾಲಿ ಹಾಳೆಗೆ, ಖಾಲಿ ಸ್ಟಾಂಪ್ ಪೇಪರ್‌ಗೆ ಮಾತ್ರ ಯಾರು ಏನೇ ಹೇಳಿದರೂ ಸಹಿ ಹಾಕಬೇಡಿ.

ಕೊನೆಗೆ ಬಿಡುವುದೇ ವಾಸಿ ಅನ್ನಿಸಿದರೆ

ಊರಿಗೆ ಹೋಗುವುದೇ ಸರಿ ಅನ್ನಿಸುವ ಸಮಯವೂ ಬರುತ್ತದೆ. 2020ರಲ್ಲಿ ಗಡಿಬಿಡಿಯಲ್ಲಿ ಬೀಗದ ಕೈ ಕೊಟ್ಟು ಟೆಂಪೊ ಹತ್ತಿದ ಎಷ್ಟೋ ಜನರಿಗೆ ಅಡ್ವಾನ್ಸ್ ವಾಪಸ್ ಬರಲೇ ಇಲ್ಲ. ಹೊರಡುವ ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ: ಅಡ್ವಾನ್ಸ್ ಎಷ್ಟು, ಬಾಕಿ ಬಾಡಿಗೆ ಎಷ್ಟು, ಪೇಂಟಿಂಗ್‌ಗೆ ಮುರಿದದ್ದು ಎಷ್ಟು, ಕರೆಂಟ್, ನೀರಿನ ಬಿಲ್ಲು ಎಷ್ಟು, ಕೈಗೆ ಬರಬೇಕಾದದ್ದು ಎಷ್ಟು, ಯಾವ ದಿನ. ಇಬ್ಬರ ಸಹಿ. ಹಣ ಸಿಗುವವರೆಗೆ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ ಅಂತ ಕೇಳಿ ನೋಡಿ. ಆದರೆ ಕೈ ಇಟ್ಟುಕೊಂಡಷ್ಟು ದಿನ ಬಾಡಿಗೆ ಕೇಳಬಹುದು, ಅದನ್ನೂ ಆ ಹಾಳೆಯಲ್ಲೇ ಬರೆದುಕೊಳ್ಳಿ.

ನಾವು ಆ ಮನೆ ಬಿಟ್ಟದ್ದು 2022ರಲ್ಲಿ, ನಮ್ಮ ಅನುಕೂಲಕ್ಕೆ. ಖಾಲಿ ಕೋಣೆಗಳನ್ನೆಲ್ಲ ಸುತ್ತಿ, ಗೋಡೆ, ನಲ್ಲಿ, ಕಮೋಡ್, ಮೀಟರ್ ರೀಡಿಂಗ್ ಸೇರಿಸಿ ನಾಲ್ಕು ನಿಮಿಷದ ವಿಡಿಯೊ ಮಾಡಿದೆ. ಅಡಿಗೆಮನೆಯಲ್ಲಿ ನಲ್ಲಿ ತಿರುಗಿಸಿ ನೀರು ಬರುವುದನ್ನೂ ತೆಗೆದೆ. ಓನರ್ ಮುಂದೆಯೇ ಅದನ್ನು ಅವರ ವಾಟ್ಸಾಪ್‌ಗೆ ಕಳಿಸಿ, ಎರಡು ನೀಲಿ ಟಿಕ್ ಬಂದ ಮೇಲೆ ಬೀಗದ ಕೈ ಕೊಟ್ಟೆ.